ನಾನು ಲೆಕ್ಚರರುಗಳಿಗೆ ಮಫ್ಲರ್ ಹೆಣೆದದ್ದು

ಕುಯ್ಯ್ಯ್!

ತೊಂಬತ್ತರ ದಶಕದ ಕೊನೆಯ ಆ ವರ್ಷಗಳನ್ನು ನೆನೆದರೆ ನನ್ನ ಕಿವಿಯಲ್ಲಿ ಮೊದಲು ಏಳುವ ಶಬ್ದ ಇದೇ. ನಮ್ಮ ಸುಮತಿಯ ಹಿಯರಿಂಗ್ ಏಡ್ ಕೂಗುವ ಶಬ್ದ. ಈಗಿನವುಗಳ ಹಾಗೆ ಕಿವಿಯೊಳಗೆ ಅಡಗಿ ಕೂರುವ ನಾಜೂಕಿನ ಸಾಮಾನಲ್ಲ ಅದು. ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ. ಎದೆಯ ಮೇಲೆ ಬಟ್ಟೆಯ ಚೀಲದಲ್ಲಿ ತೂಗುತ್ತಿತ್ತು. ಅದರಿಂದ ಕಿವಿಗೊಂದು ವೈರು. ಕಿವಿಯ ಬಿರಡೆ ತುಸು ಸಡಿಲವಾದರೆ ಸಾಕು, ಕುಕ್ಕರಿನಂತೆ ಸೀಟಿ ಹೊಡೆಯುತ್ತಿತ್ತು. ಬೀದಿಯ ನಾಯಿಗಳು ತಲೆ ಎತ್ತುತ್ತಿದ್ದವು. ಪಕ್ಕದ ಮನೆಯಾಕೆ ಒಲೆ ಆರಿಸಲು ಓಡುತ್ತಿದ್ದಳು. ಇಡೀ ಬೀದಿಯಲ್ಲಿ ಆ ಶಬ್ದ ಕೇಳಿಸದೆ ಇದ್ದವಳು ಒಬ್ಬಳೇ. ಸುಮತಿ!

ಸುಮತಿ ನನ್ನ ತಂಗಿಯ ಮಗಳು. ಪುಟ್ಟವಳಿದ್ದಾಗ ಮೆದುಳು ಜ್ವರ ಬಂತು. ಬಿಟ್ಟು ಹೋಗುವಾಗ ಕಿವಿಯನ್ನೂ ಜೊತೆಗೆ ಒಯ್ದಿತು. ತಂಗಿ ಮತ್ತು ಅವಳ ಗಂಡ ಶಿವಣ್ಣ ಮಸಿನಗುಡಿ ಹತ್ತಿರದ ಮಾವನಲ್ಲದಲ್ಲಿ ಸಣ್ಣ ಬೇಸಾಯ ಮಾಡಿಕೊಂಡಿದ್ದರು. ಬೆಳೆದದ್ದರಲ್ಲಿ ಅರ್ಧ ಆನೆಗೆ, ಅರ್ಧ ಮನೆಗೆ. ಅಲ್ಲಿ ಇಂಥ ಮಗುವನ್ನು ಓದಿಸುವ ಅನುಕೂಲ ಎಲ್ಲಿಯದು? ನಮಗೋ ಮಕ್ಕಳಿರಲಿಲ್ಲ. ನಮ್ಮ ಯಜಮಾನರು ಊಟಿಯ ಮಂಡಿಯಲ್ಲಿ ಆಲೂಗಡ್ಡೆ ವ್ಯಾಪಾರಿ. ನಾನು ಕಾನ್ವೆಂಟಿನಲ್ಲಿ ಓದಿ, ಚೆಂದದ ಇಂಗ್ಲಿಷ್ ಕಲಿತು, ಆಲೂಗಡ್ಡೆ ವ್ಯಾಪಾರಿಯನ್ನು ಮದುವೆಯಾದವಳು. ಕಲಿತ ಇಂಗ್ಲಿಷನ್ನು ಬಳಸಲು ಜಾಗವೇ ಸಿಕ್ಕಿರಲಿಲ್ಲ. "ಮಗೂನ ಇಲ್ಲಿಗೆ ಕಳಿಸು, ನಾನು ಓದಿಸ್ತೀನಿ" ಎಂದು ತಂಗಿಗೆ ಹೇಳಿದೆ.

ಆ ಡಬ್ಬಿ ಅವಳಿಗೆ ಗುಡುಗು, ಬಾಗಿಲ ಬಡಿತ, ಲಾರಿಯ ಹಾರ್ನ್ ಇಷ್ಟನ್ನು ಮಾತ್ರ ತಲುಪಿಸುತ್ತಿತ್ತು. ಮಾತನ್ನು ಅವಳು ಓದುತ್ತಿದ್ದದ್ದು ತುಟಿಯಿಂದ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್, ಮಾರ್ಕೆಟ್ಟಿನಲ್ಲಿ ತಮಿಳು. ಮೂರು ಭಾಷೆಯ ತುಟಿಗಳು ಅವಳಿಗೆ ಬರುತ್ತಿದ್ದವು. ನನಗೆ ಎರಡು ಕಿವಿ ನೆಟ್ಟಗಿದ್ದೂ ತಮಿಳು ಇವತ್ತಿಗೂ ಅಷ್ಟಕ್ಕಷ್ಟೆ!

ನಾನು ಓದಿದ ಕಾನ್ವೆಂಟಿಗೇ ಅವಳನ್ನೂ ಸೇರಿಸಿದೆ. ಅಲ್ಲಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮೊದಲ ದಿನ ಅವಳನ್ನು ಹತ್ತಿರ ಕರೆದು ಸುಮ್ಮನೆ ನೋಡಿದರು. ಮರುದಿನದಿಂದ ಸುಮತಿಯ ಜಾಗ ಮುಂದಿನ ಬೆಂಚು. ಮುಖಕ್ಕೆ ಬೆಳಕು ಬೀಳುವ ಹಾಗೆ ಟೀಚರ ಮೇಜು ಕಿಟಕಿಯ ಕಡೆ ತಿರುಗಿತು. ಬೋರ್ಡಿಗೆ ಬರೆಯುತ್ತಾ ಯಾರೂ ಮಾತಾಡಕೂಡದು. ಡಿಕ್ಟೇಶನ್ ಕೊಡುವಾಗ ಪುಸ್ತಕ ಮುಖಕ್ಕೆ ಅಡ್ಡ ಹಿಡಿಯಕೂಡದು. ಸಿಸ್ಟರ್ ಒಮ್ಮೆ ಹೇಳಿದ್ದು ಶಾಸನ. ಇದಾವುದನ್ನೂ ನಾನು ಕೇಳಿರಲಿಲ್ಲ. ಕೇಳುವ ಮೊದಲೇ ಎಲ್ಲ ಆಗಿಹೋಗಿತ್ತು. ಲೋಕವೆಂದರೆ ಹೀಗೇ, ಬೇಕಾದವರಿಗೆ ಬೇಕಾದ್ದನ್ನು ತಾನೇ ನೋಡಿ ಕೊಡುತ್ತದೆ ಎಂದು ನಾನು ನಂಬಿಬಿಟ್ಟೆ. ಇದು ನನ್ನ ಮೊದಲನೆಯ ತಪ್ಪು. ಉಳಿದವನ್ನು ಕ್ರಮವಾಗಿ ನಿವೇದಿಸುತ್ತೇನೆ.

ಪ್ಲಸ್ ಟೂ ಒಳ್ಳೆಯ ಮಾರ್ಕಿನಲ್ಲಿ ಪಾಸಾಯಿತು. ಸುಮತಿಗೆ ಬಾಟನಿ ಓದುವ ಆಸೆ. ಅದೇ ಏಕೆ ಎಂದು ಕೇಳಿದರೆ, "ಗಿಡ ಮಾತಾಡಲ್ಲ ದೊಡ್ಡಮ್ಮ. ನಾನು, ಅವು, ಒಂದೇ ಜಾತಿ" ಎಂದಳು. ಬೀಳ್ಕೊಡುವ ದಿನ ಸಿಸ್ಟರ್ ನನ್ನನ್ನು ಬಿಟ್ಟು ಅವಳೊಬ್ಬಳನ್ನೇ ಎದುರಿಗೆ ನಿಲ್ಲಿಸಿಕೊಂಡು, "ಇಲ್ಲಿ ನಿನ್ನನ್ನು ನಾವು ನೋಡಿದೆವು. ಕಾಲೇಜಿನಲ್ಲಿ ಯಾರೂ ನೋಡುವುದಿಲ್ಲ. ಬೇಕಾದ್ದನ್ನು ನೀನೇ ಬಾಯಿ ಬಿಟ್ಟು ಕೇಳಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದರು.

ಮನೆಗೆ ಬಂದವಳೇ ಸುಮತಿ ಕನ್ನಡಿಯ ಮುಂದೆ ನಿಂತಳು. ಧ್ವನಿ ಎಷ್ಟು ಜೋರಾಯಿತೆಂದು ತಿಳಿಯಲು ಗಂಟಲ ಮೇಲೆ ಕೈ ಇಟ್ಟುಕೊಂಡು ಹೇಳಿದಳು. "ಸರ್, ಐ ಕೆನಾಟ್ ಹಿಯರ್. ಪ್ಲೀಸ್ ಲುಕ್ ಅಟ್ ಮೀ ವೆನ್ ಯೂ ಟಾಕ್."

ಯಜಮಾನರು ಚಪ್ಪಾಳೆ ತಟ್ಟಿದರು. ನಾನು ಮಾತ್ರ ತಟ್ಟಲಿಲ್ಲ. ಸುಮತಿಯ ಧ್ವನಿ ಏರಿಳಿತವಿಲ್ಲದ್ದು, ಒಂದೇ ಎತ್ತರದ್ದು, ಖಾಲಿ ಡ್ರಮ್ಮಿನ ಮೇಲೆ ಹೊಡೆದ ಹಾಗೆ. ನಮಗೆ ಅಭ್ಯಾಸವಾಗಿತ್ತು. ಹೊರಗಿನವರಿಗೆ?

"ಮೈ ಡಿಯರ್, ಕಾಲೇಜಲ್ಲಿ ಗಂಡುಹುಡುಗರೂ ಇರ್ತಾರೆ. ಎದ್ದು ನಿಂತು ಹೀಗೆ ಡಿಮ್ಯಾಂಡ್ ಮಾಡಿದ್ರೆ ನಗ್ತಾರೆ. ಎ ಲೇಡಿ ನೆವರ್ ಡಿಮ್ಯಾಂಡ್ಸ್. ನೀನು ಸುಮ್ನಿರು, ನಾನು ಬಂದು ಮಾತಾಡ್ತೀನಿ."

"ನಾನೇ ಹೇಳ್ತೀನಿ ದೊಡ್ಡಮ್ಮ. ಒಂದೇ ಮಾತು."

"ಆ ಒಂದು ಮಾತು ಹೇಳೋಕೂ ಒಂದು ರೀತಿ ಅಂತ ಇರುತ್ತಲ್ಲ ಪುಟ್ಟಿ? ಅದನ್ನ ಕಲಿಯೋಕೇ ನಾನು ಕಾನ್ವೆಂಟಿಗೆ ಹೋಗಿದ್ದು."

ಯಜಮಾನರು ಪೇಪರ್ ಕೆಳಗಿಳಿಸಿದರು. "ಲೀಲಾ, ಅವಳು ಒಂದು ಮಾತು ಅಂತಾಳೆ. ನೀನು ಹೊರಟ್ರೆ ಅದು ಭಾಷಣ ಆಗುತ್ತೆ, ನೋಡ್ತಿರು."

ಆಲೂಗಡ್ಡೆ ವ್ಯಾಪಾರಿಗಳಿಗೆ ಡಿಪ್ಲೊಮಸಿ ಎಲ್ಲಿಂದ ಬರಬೇಕು ಎಂದುಕೊಂಡು ನಾನು ರೇಷ್ಮೆ ಸೀರೆ ಉಟ್ಟೆ.

ಕಾಲೇಜಿನ ಹೆಸರು ಬೇಡ. ಪಾಪ, ಅವರ ತಪ್ಪೇನೂ ಇಲ್ಲ. ಪ್ರಿನ್ಸಿಪಾಲರು ಬಯಲು ಸೀಮೆಯಿಂದ ವರ್ಗವಾಗಿ ಬಂದ ಸಾಧು ತಮಿಳರು. ಎರಡು ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ನಡುಗುತ್ತಾ ಕೂತಿದ್ದರು. ಸುಮತಿ ನೀಟಾಗಿ ಕಾಣಲಿ ಎಂದು ನಾನು ಅವಳ ಡಬ್ಬಿಯನ್ನು ಸ್ವೆಟರಿನೊಳಗೆ ಸೇರಿಸಿ, ವೈರನ್ನು ಜಡೆಯ ಮರೆಗೆ ಎಳೆದಿದ್ದೆ. ಫಸ್ಟ್ ಇಂಪ್ರೆಶನ್ ಮುಖ್ಯ!

ನನ್ನ ತಂದೆ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದದ್ದರಿಂದ ಶುರು ಮಾಡಿದೆ. ಕಾನ್ವೆಂಟು, ಸಿಸ್ಟರುಗಳು, ಆ ಕಾಲದ ಊಟಿ, ಶಿಸ್ತು, ಈ ಕಾಲದ ಅಶಿಸ್ತು. ಟೀ ಬಂತು. ಟೀ ಆರಿತು. ಕೊನೆಗೆ ಸುಮತಿಯ ವಿಷಯಕ್ಕೆ ಬಂದಾಗ, 'ಡೆಫ್' ಎಂಬ ಒರಟು ಪದ ನನ್ನ ನಾಲಿಗೆಯಿಂದ ಹೊರಡಲೇ ಇಲ್ಲ. ಅಷ್ಟು ಮುದ್ದಾದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಗೆ ಹೇಳುವುದು? "ಶಿ ಈಸ್ ಎ ಲಿಟಲ್ ಡೆಲಿಕೇಟ್, ಸರ್. ಶಿ ಮಸ್ಟ್ ನಾಟ್ ಬಿ ಸ್ಟ್ರೇಯಿನ್ಡ್" ಎಂದೆ.

ಪ್ರಿನ್ಸಿಪಾಲರು ಸುಮತಿಯ ಎದೆಯ ಮೇಲೆ ಸ್ವೆಟರಿನಡಿ ಉಬ್ಬಿದ್ದ ಡಬ್ಬಿಯನ್ನು ಒಮ್ಮೆ ನೋಡಿದರು. ಕಣ್ಣು ತೇವವಾಯಿತು. ತಮ್ಮ ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು ನಿಧಾನವಾಗಿ ತಲೆಯಾಡಿಸಿದರು. ನನ್ನ ಮಾತು ಅವರ ಹೃದಯ ಮುಟ್ಟಿತು ಎಂದು ನಾನು ಹಿಗ್ಗಿದೆ. ಹುಡುಗಿಗೆ ಹಾರ್ಟ್ ಪ್ರಾಬ್ಲಂ, ಎದೆಗೆ ಏನೋ ಮೆಷಿನ್ ಕಟ್ಟಿದ್ದಾರೆ ಎಂದು ಅವರು ತಿಳಿದುಕೊಂಡರೆಂಬುದು ನನಗೆ ಗೊತ್ತಾದದ್ದು ತಿಂಗಳುಗಳು ಕಳೆದ ಮೇಲೆ!

ಅಷ್ಟರಲ್ಲಿ ಸುಮತಿ ಬಾಯಿ ತೆರೆದಳು. "ಸರ್, ಐ—"

ನಾನು ಮೇಜಿನಡಿ ಅವಳ ಕೈ ಹಿಸುಕಿದೆ. ಅವಳು ಬಾಯಿ ಮುಚ್ಚಿಕೊಂಡಳು.

"ಕವಲೈಪ್ಪಡಾದೀಂಗ ಮ್ಯಾಡಂ" ಎಂದರು ಪ್ರಿನ್ಸಿಪಾಲರು. ಚಿಂತೆ ಬೇಡ ಎಂದು. ಅವಳನ್ನು ಯಾರೂ ಎಬ್ಬಿಸಿ ಪ್ರಶ್ನೆ ಕೇಳದ ಹಾಗೆ, ಯಾರೂ ಏರುದನಿಯಲ್ಲಿ ಮಾತಾಡಿಸದ ಹಾಗೆ ತಾವು ಎಲ್ಲ ಲೆಕ್ಚರರುಗಳಿಗೂ ಹೇಳುವುದಾಗಿ ಮಾತು ಕೊಟ್ಟರು. ಹಿಂದಿನ ಬೆಂಚು, ಬಾಗಿಲ ಪಕ್ಕ, ಫ್ರೆಶ್ ಏರ್. ನಾನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಥ್ಯಾಂಕ್ಸ್ ಹೇಳಿ ಹೊರಬಂದೆ. ಹಿಂದಿನ ಬೆಂಚು ಎಂದದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಿವಿ ಇದ್ದವರ ಹಣೆಬರಹ!

ಈಗ ಮಫ್ಲರ್ ಪ್ರಕರಣಕ್ಕೆ ಬರುತ್ತೇನೆ.

ಬಾಯಿ ಬಿಟ್ಟು ಕೇಳುವುದು ಕೀಳು, ಉಪಕಾರದ ಋಣದಲ್ಲಿ ಕಟ್ಟಿಹಾಕುವುದು ಮೇಲು ಎಂಬುದು ನನ್ನ ಸಿದ್ಧಾಂತ. ಸುಮತಿಗೆ ಪಾಠ ಮಾಡುವ ಲೆಕ್ಚರರುಗಳೆಲ್ಲ ಮಧುರೈ, ತಿರುನೆಲ್ವೇಲಿ ಕಡೆಯವರು, ಊಟಿಯ ಚಳಿಗೆ ಹಲ್ಲು ಕಟಕಟಿಸುತ್ತಿರುವವರು ಎಂದು ವಿಚಾರಿಸಿ ತಿಳಿದುಕೊಂಡೆ. ಕಾನ್ವೆಂಟಿನಲ್ಲಿ ನನಗೆ ನಿಟಿಂಗಿನಲ್ಲಿ ಪ್ರೈಜ್ ಬಂದಿತ್ತು. ಉಣ್ಣೆ ತಂದೆ, ಕಡ್ಡಿ ಹಿಡಿದೆ. ಜೂನ್ ತಿಂಗಳೆಲ್ಲ ಹೆಣೆದೆ. ಕೈಬೆರಳು ಊದಿಕೊಂಡವು. ಸುಮತಿ ಉಣ್ಣೆಯ ಉಂಡೆ ಸುತ್ತಿಕೊಡುತ್ತಾ ಎದುರಿಗೆ ಕೂತಿರುತ್ತಿದ್ದಳು.

"ಲಂಚ ಕೊಡೋದಾದ್ರೆ ತಲೆಗೊಂದು ಮೂಟೆ ಆಲೂಗಡ್ಡೆ ಕೊಡೋಣ ಕಣೇ. ನಮ್ಮ ಕಸುಬಿನದು, ಗೌರವ ಇರುತ್ತೆ" ಎಂದರು ಯಜಮಾನರು.

"ಇದು ಲಂಚ ಅಲ್ಲ ರೀ. ಕರ್ಟಸಿ!"

ಪ್ರತಿಯೊಂದು ಮಫ್ಲರೂ ಬಾಗಿಲಷ್ಟು ಉದ್ದ. ನಾನು ಯಾವ ಕೆಲಸವನ್ನೂ ಜಿಪುಣತನದಿಂದ ಮಾಡಿದವಳಲ್ಲ. ಕಾಲೇಜು ತೆರೆದ ವಾರವೇ ಸ್ಟಾಫ್ ರೂಮಿಗೆ ಹೋಗಿ ಒಬ್ಬೊಬ್ಬರಿಗೂ ಕೊಟ್ಟೆ. ಅವರ ಸಂತೋಷ ನೋಡಬೇಕಿತ್ತು! ಬಾಟನಿ ಸರ್ ಇನ್ನೂ ಹುಡುಗ. ಅಮ್ಮನ ನೆನಪಾಯಿತೋ ಏನೋ, ಉಣ್ಣೆಯನ್ನು ಕೆನ್ನೆಗೆ ಒತ್ತಿಕೊಂಡರು. ಕುತ್ತಿಗೆಗೆ ಸುಮ್ಮನೆ ನೇತುಹಾಕಿಕೊಂಡರು. ನಾನು ಅಷ್ಟಕ್ಕೆ ಬಿಡುತ್ತೇನೆಯೇ?

"ನೋ ನೋ ಸರ್, ಹಾಗಲ್ಲ. ಊಟಿ ಚಳಿ ಬಾಯಿಂದ ಒಳಗೆ ಹೋಗುತ್ತೆ. ಎರಡು ಸುತ್ತು ಸುತ್ತಿ, ಬಾಯಿ ಮುಚ್ಚಿ, ಮೂಗಿನ ಮೇಲೆ ತಂದು ಹಿಂದೆ ಸಿಕ್ಕಿಸಬೇಕು. ಲೆಕ್ಚರರ್‌ಗೆ ಗಂಟಲೇ ಆಸ್ತಿ!"

ನನ್ನ ಕೈಯಾರೆ ಸುತ್ತಿ ತೋರಿಸಿದೆ. ಎಲ್ಲರೂ ಹಾಗೆಯೇ ಸುತ್ತಿಕೊಂಡರು. ಬೆಟ್ಟದ ಹೆಂಗಸು, ಚಳಿಯ ಶಾಸ್ತ್ರ ಬಲ್ಲವಳು ಎಂದು ಮರ್ಯಾದೆ.

ಜುಲೈ ಬಂತು. ಮಳೆಯ ಜೊತೆ ಮಂಜು ಕ್ಲಾಸ್‌ರೂಮಿನೊಳಗೇ ಬಂದು ಕೂರುವ ಕಾಲ. ಸುಮತಿ ಸಂಜೆ ಮನೆಗೆ ಬಂದವಳು ಮಾತಿಲ್ಲದೆ ಪುಸ್ತಕ ತೆರೆದು ಕೂರುತ್ತಿದ್ದಳು. ಕೇಳಿದರೆ, "ಅರ್ಥ ಆಗ್ತಿಲ್ಲ ದೊಡ್ಡಮ್ಮ" ಎಂದಷ್ಟೇ. ಕಾಲೇಜಿನ ಬಾಟನಿ ಕಷ್ಟ ತಾನೇ ಎಂದು ನಾನು ಟ್ಯೂಷನ್ ಇಡಿಸಿದೆ. ನಿವೃತ್ತರಾದ ಮೇಷ್ಟರು, ಮಹಾ ವಿದ್ವಾಂಸರು. ಮೀಸೆ ಮಾತ್ರ ಗಡ್ಡದವರೆಗೆ ಇಳಿದಿತ್ತು! ಪೊರಕೆಯ ಹಿಂದಿನಿಂದ ಬರುವ ಮಾತನ್ನು ಸುಮತಿ ಒಂದು ವಾರ ದಿಟ್ಟಿಸಿ ನೋಡಿ, ನಮಸ್ಕಾರ ಮಾಡಿ ಬಿಟ್ಟುಬಿಟ್ಟಳು. "ಹುಡುಗಿಗೆ ಶ್ರದ್ಧೆ ಸಾಲದು" ಎಂದರು ಮೇಷ್ಟರು. ನಾನು ಹೌದೇನೋ ಎಂದುಕೊಂಡೆ.

ಒಂದು ದಿನ ಅ‌ವಳು ಕೊಡೆ ಮರೆತು ಹೋಗಿದ್ದಳು. ತೆಗೆದುಕೊಂಡು ಕಾಲೇಜಿಗೆ ಹೋದೆ. ಕ್ಲಾಸ್ ನಡೆಯುತ್ತಿತ್ತು. ಕಿಟಕಿಯ ಗಾಜಿನ ಮಂಜು ಒರೆಸಿ ಇಣುಕಿದೆ. ಬಾಟನಿ ಸರ್ ನನ್ನ ಮೆರೂನ್ ಮಫ್ಲರಿನಲ್ಲಿ! ಕನ್ನಡಕದ ಕೆಳಗಿನಿಂದ ಎದೆಯವರೆಗೆ ಉಣ್ಣೆಯೇ ಉಣ್ಣೆ. ಎಂಥ ಸಮನಾದ ಹೆಣಿಗೆ, ಒಂದು ಕಣ್ಣೂ ಬಿಟ್ಟುಹೋಗಿಲ್ಲ ಎಂದು ಮೊದಲು ನನಗೆ ಹೆಮ್ಮೆಯೇ ಆಯಿತು.

ಆಮೇಲೆ ಸುಮತಿಯನ್ನು ಹುಡುಕಿದೆ. ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ಮುಂದಕ್ಕೆ ಬಾಗಿ ಕೂತಿದ್ದಳು. ಸರ್ ಮಾತಾಡಿದಾಗ ಬಾಯಿಯ ಜಾಗದಲ್ಲಿ ಉಣ್ಣೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಸುತ್ತಲಿನ ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಸುಮತಿ ತಲೆ ತಗ್ಗಿಸಿರಲಿಲ್ಲ. ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು, ಆ ಮಫ್ಲರನ್ನೇ ಓದುತ್ತಿದ್ದಳು.

ನಾನು ಕೊಡೆಯನ್ನು ಅಟೆಂಡರ್ ಕೈಗೆ ಕೊಟ್ಟು ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದೆ.

ಯಜಮಾನರು ಮಂಡಿಯಿಂದ ಬಂದರು. ಎಂದಿನ ಹಾಗೆ ಹೊಸ್ತಿಲಿನ ಹೊರಗೇ ಮಫ್ಲರ್ ಬಿಚ್ಚಿ ಮೊಳೆಗೆ ಹಾಕಿ ಒಳಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು.

"ಇಷ್ಟು ವರ್ಷ ನಾನ್ಯಾಕೆ ಬಾಗಿಲಲ್ಲೇ ಮಫ್ಲರ್ ಬಿಚ್ತೀನಿ ಅನ್ಕೊಂಡಿದ್ದೆ ನೀನು? ಸೆಕೆ ಅಂತಾನಾ?"

"ನೀವಾದ್ರೂ ಜೂನಲ್ಲೇ ಹೇಳಬಾರದಿತ್ತಾ ರೀ?"

"ಕ್ಲಾಸಲ್ಲಿ ಬಿಚ್ಚಿಡ್ತಾರೆ ಅನ್ಕೊಂಡೆ. ನೀನು ಮೂಗಿಗೆ ಸುತ್ತೋ ಟ್ರೇನಿಂಗ್ ಕೊಟ್ಟು ಬಂದಿದ್ದೀಯ ಅಂತ ನಂಗೇನು ಕನಸು ಬೀಳುತ್ತಾ?"

ಸುಮತಿ ಬಂದಳು. "ನನಗ್ಯಾಕೆ ಹೇಳಲಿಲ್ಲ ಪುಟ್ಟಿ?" ಎಂದೆ. ಅವಳು ನನ್ನ ಬೆರಳುಗಳನ್ನು ನೋಡಿದಳು. "ಅಷ್ಟು ಕಷ್ಟಪಟ್ಟು ಹಾಕಿದ್ದು ನೀವು" ಎಂದಳು. ಆಮೇಲೆ, "ಮಾತಾಡಬೇಡ ಅಂದಿದ್ರಿ" ಎಂದಳು. ಮುಂದಿನ ಬೆಂಚಿಗೆ ಹೋಗಿ ಕೂತರೆ ಲೆಕ್ಚರರು ಬಹಳ ಮರ್ಯಾದೆಯಿಂದ ಮತ್ತೆ ಬಾಗಿಲ ಕಡೆ ಕೈ ತೋರಿಸುತ್ತಾರಂತೆ. ಯಾಕೆಂದು ಅವಳಿಗೆ ತಿಳಿಯದು. ಆಗ ನನಗೂ ತಿಳಿಯದು.

ಮಫ್ಲರ್ ತೆಗೆಸಲೇಬೇಕು. ಆದರೆ ಕೊಟ್ಟ ಉಡುಗೊರೆಯನ್ನು ಬಿಚ್ಚಿ ಎಂದು ಹೇಗೆ ಹೇಳುವುದು? ಛೆ! ಮರುದಿನ ಸ್ಟಾಫ್ ರೂಮಿಗೆ ಹೋಗಿ ನಗುನಗುತ್ತಾ, ಉಣ್ಣೆಯಲ್ಲಿ ಏನೋ ಡಿಫೆಕ್ಟ್ ಇದೆ, ಬಣ್ಣ ಬಿಡಬಹುದು, ಎಲ್ಲ ವಾಪಸ್ಸು ಕೊಡಿ, ಸರಿಮಾಡಿ ತರುತ್ತೇನೆ ಎಂದೆ.

"ಅಯ್ಯೋ ವೇಂಡಾಂ ಮ್ಯಾಡಂ!" ಎಂದು ಎಲ್ಲರೂ ಒಟ್ಟಿಗೆ ಮಫ್ಲರನ್ನು ಎರಡು ಕೈಯಲ್ಲಿ ಹಿಡಿದುಕೊಂಡರು, ನಾನು ಕಿತ್ತುಕೊಂಡೇನು ಎಂಬಂತೆ. ಇದಿಲ್ಲದಿದ್ದರೆ ಊಟಿಯಲ್ಲಿ ಜೀವ ಉಳಿಯುವುದಿಲ್ಲ ಎಂದರು ಒಬ್ಬರು. ತಮ್ಮ ಹೆಂಡತಿಗೂ ಇಂಥದ್ದೇ ಒಂದು, ನೀಲಿ ಬಣ್ಣದ್ದು, ಸಾಧ್ಯವೇ ಎಂದು ಕೇಳಿದರು ಇನ್ನೊಬ್ಬರು. ಇಲ್ಲ ಎನ್ನುವುದು ನಮ್ಮ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ.

"ಬಿಚ್ಚಿಸೋಕೆ ಹೋದವಳು ಆರ್ಡರ್ ಹಿಡ್ಕೊಂಡು ಬಂದ್ಲು!" ಎಂದು ಯಜಮಾನರು ಗೋಡೆಗೆ ಹೇಳಿದರು. "ನಾನು ಇಷ್ಟು ವರ್ಷ ಮಂಡಿಯಲ್ಲಿ ಕೂತಿದ್ದು ದಂಡ."

ಸುಮತಿ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ಏನೂ ಹೇಳದೆ ಕಾಲೇಜಿಗೆ ಹೋದಳು.

ಅಂದು ನಡೆದದ್ದನ್ನು ನಾನು ಆಮೇಲೆ ಅವಳ ಕ್ಲಾಸಿನ ಹುಡುಗಿಯೊಬ್ಬಳಿಂದ ಕೇಳಿದೆ. ಬಾಟನಿ ಕ್ಲಾಸಿನ ನಡುವೆ ಸುಮತಿ ಎದ್ದು ನಿಂತಳಂತೆ. ಧ್ವನಿ ನಡುಗಿತಂತೆ, ಬೇಕಾದದ್ದಕ್ಕಿಂತ ಎತ್ತರಕ್ಕೆ ಹೋಯಿತಂತೆ. "ಸರ್! ಐ ಕೆನಾಟ್—" ಎನ್ನುವಷ್ಟರಲ್ಲಿ ಉಸಿರು ಕಟ್ಟಿ, ಧ್ವನಿ ಹಿಡಿತಕ್ಕೆ ಸಿಗಲೆಂದು ಕೈಯನ್ನು ಗಂಟಲಿಗೆ ಒಯ್ದಳಂತೆ. ಬಾಟನಿ ಸರ್ ಕೈಯಿಂದ ಚಾಕ್‌ಪೀಸ್ ಬಿತ್ತು. ಹಾರ್ಟ್ ಪೇಷಂಟ್! ಪ್ರಿನ್ಸಿಪಾಲರು ಮೊದಲೇ ಎಚ್ಚರಿಸಿದ್ದರಲ್ಲ. ಸರ್ ಗಾಬರಿಯಿಂದ ಓಡಿ ಬಂದು ಏನೇನೋ ಕೇಳಿದರು. ಅದೂ ಮಫ್ಲರಿನೊಳಗೇ! ಸುಮತಿಗೆ ಕಂಡದ್ದು ಮೆರೂನ್ ಉಣ್ಣೆ ಮತ್ತು ಹೆದರಿದ ಎರಡು ಕಣ್ಣು. ಅವಳು ಇನ್ನೂ ಜೋರಾಗಿ ಹೇಳಲು ನೋಡಿದಳು. ಜೋರಾದಷ್ಟೂ ಅವರಿಗೆ ಭಯ. ನಾಲ್ಕು ಜನ ಸೇರಿ ಅವಳನ್ನು ಬೆಂಚಿನ ಮೇಲೆ ಮಲಗಿಸಿ, ನೀರು ಚಿಮುಕಿಸಿ, ಜೀಪಿನಲ್ಲಿ ಕೂರಿಸಿ ಮನೆಗೆ ತಂದು ಬಿಟ್ಟರು.

ನೀರು ತಾಗಿ ಡಬ್ಬಿಯೂ ಕೆಟ್ಟಿತ್ತು. ಅವಳು ನೇರವಾಗಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗೋಡೆಯ ಕಡೆ ಮುಖ ಮಾಡಿದವಳಿಗೆ ಯಾರೂ ಏನನ್ನೂ ಹೇಳಲಾರರು. ನಾನು ಮಂಚದ ಪಕ್ಕದಲ್ಲಿ ಕೂತು ಅವಳ ಜಡೆಯನ್ನು ನೋಡುತ್ತಿದ್ದೆ.

ಕಾಲೇಜಿನವರು ದಯಾಳುಗಳು. ಮೆಡಿಕಲ್ ಲೀವ್ ಕೊಟ್ಟರು, ನಾವು ಕೇಳದೆಯೇ! ಹೃದಯ ಸರಿಯಿದೆ ಎಂದು ಡಾಕ್ಟರ ಸರ್ಟಿಫಿಕೇಟ್ ತರುವವರೆಗೆ ಕ್ಲಾಸಿಗೆ ಬರಬಾರದು, ಜವಾಬ್ದಾರಿ ತಮ್ಮದಲ್ಲವೆಂದರು. ಹಾರ್ಟ್ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದೇ ಆಗ. ಆಗಲೂ 'ಡೆಫ್' ಎನ್ನುವ ಬದಲು, ಸರ್ಟಿಫಿಕೇಟೇ ಮಾತಾಡಲಿ ಎಂದುಕೊಂಡೆ. ಅಷ್ಟರಲ್ಲಿ ಮಳೆಗೆ ಘಾಟ್ ರಸ್ತೆ ಕುಸಿಯಿತು. ಕೊಯಮತ್ತೂರಿನ ಹಾರ್ಟ್ ಡಾಕ್ಟರನ್ನು ಕಾಣಲು ವಾರಗಟ್ಟಲೆ ಕಾಯಬೇಕಾಯಿತು. ಕೊನೆಗೆ ಅವರು ಎದೆಗೆ ವೈರುಗಳನ್ನು ಅಂಟಿಸಿ, ಪರೀಕ್ಷಿಸಿ, "ಹುಡುಗಿಯ ಹೃದಯ ಫಸ್ಟ್ ಕ್ಲಾಸ್" ಎಂದರು.

"ಅದು ನಮಗೆ ಗೊತ್ತಿತ್ತು ಡಾಕ್ಟ್ರೇ" ಎಂದರು ಯಜಮಾನರು.

ಸರ್ಟಿಫಿಕೇಟ್ ಹಿಡಿದು ಪ್ರಿನ್ಸಿಪಾಲರ ಮುಂದೆ ನಿಂತೆ. ಈ ಸಲ ರೇಷ್ಮೆ ಸೀರೆಯಿಲ್ಲ, ಕಾನ್ವೆಂಟಿಲ್ಲ, ನನ್ನ ತಂದೆ ಬೆಟ್ಟ ಹತ್ತಲಿಲ್ಲ. "ಸರ್, ಅವಳಿಗೆ ಕಿವಿ ಕೇಳಿಸೋದಿಲ್ಲ" ಎಂದೆ. ಅವರು ಹಾಜರಿ ಪುಸ್ತಕ ತರಿಸಿ ನೋಡಿದರು. ಆಮೇಲೆ ಮೊದಲ ಬಾರಿಗೆ ಸುಮತಿಯ ಕಡೆ ತಿರುಗಿ, ಅವಳ ಮುಖ ನೋಡಿ, "ಅಟೆಂಡೆನ್ಸ್ ಪೋಚ್ಚು ಮ್ಮಾ" ಎಂದರು. ಹೋಯಿತು, ಇನ್ನು ಮುಂದಿನ ವರ್ಷ ಹೊಸದಾಗಿ ಸೇರಬೇಕು ಎಂದು. ಅದೊಂದು ಮಾತು ಅವಳಿಗೆ ಸ್ಪಷ್ಟವಾಗಿ ಕಂಡಿತು.

ಸುದ್ದಿ ತಿಳಿದು ಶಿವಣ್ಣ ಮಾವನಲ್ಲದಿಂದ ಬಂದರು. ಕೈಯಲ್ಲಿ ಹುಣಸೆಹಣ್ಣಿನ ಗಂಟು. ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ನನ್ನ ಮುಂದೆ ಕುರ್ಚಿಯಲ್ಲೂ ಕೂರುವವರಲ್ಲ.

"ಓಗ್ಲಿ ಬುಡಿ ಅಕ್ಕ. ನಮ್ಮ ವಂಸ್‌ದಲ್ಲೇ ನಿಮ್ಮಷ್ಟು ಇಂಗ್ಲೀಸ್ ಬಲ್ಲೋರಿಲ್ಲ. ನೀವೇ ಓಗಿ ಏಳಿ ಆಗ್ನಿಲ್ಲ ಅಂದ್ಮೇಲೆ ಇನ್ಯಾರ್ ಏಳಿದ್ರೆ ಆದದು? ಕಾಲೇಜು ನಮ್ಮಂತೋರ್ಗಲ್ಲ. ಕರ್ಕೊಂಡೋಯ್ತೀನಿ."

ಸುಮತಿ ಎದುರಿಗೆ ಕೂತು ಅವರ ತುಟಿಯನ್ನೇ ನೋಡುತ್ತಿದ್ದಳು. "ಸರಿಯಾಗಿ ಯಾರೂ ಹೇಳಲೇ ಇಲ್ಲ ಅಪ್ಪಾಜಿ" ಎಂದಳು. "ಮುಂದಿನ ವರ್ಷ ನಾನೇ ಹೇಳ್ತೀನಿ."

"ಆಯ್ತು ಕನವ್ವ, ಆಯ್ತು" ಎಂದರು ಶಿವಣ್ಣ, ಅಳುವ ಮಗುವಿಗೆ ಚಂದ್ರನನ್ನು ತಂದುಕೊಡುತ್ತೇನೆ ಎನ್ನುವವರ ಹಾಗೆ.

ಅವಳು ನನ್ನ ಕಡೆ ತಿರುಗಿದಳು. ನಾನು ಒಂದು ಮಾತು ಹೇಳಬಹುದಿತ್ತು. ಕೆಡಿಸಿದ್ದು ಕಾಲೇಜಲ್ಲ, ನಾನು. ಇವಳಿಗೆ ಇನ್ನೊಂದು ವರ್ಷ ಕೊಡಿ ಎಂದು. ಕಾಫಿ ಬಿಸಿ ಮಾಡಿ ತರುತ್ತೇನೆಂದು ಅಡುಗೆಮನೆಗೆ ಎದ್ದು ಹೋದೆ. ಕಾಫಿ ಬಿಸಿಯಾಗಿಯೇ ಇತ್ತು!

ಆಮೇಲಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮುಂದಿನ ವರ್ಷ ಬಂತು, ಸುಮತಿ ಬರಲಿಲ್ಲ. ದಾವಣಗೆರೆ ಕಡೆಯ ಸಂಬಂಧಕ್ಕೆ ಅವಳ ಮದುವೆಯಾಯಿತು. ಆಗ ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದರು, ನಾನು ಹೋಗಲಾಗಲಿಲ್ಲ. ಅವರು ತೀರಿಕೊಂಡ ಮೇಲೆ ನನ್ನ ಮೊಣಕಾಲುಗಳು ಈ ಬೆಟ್ಟ ಇಳಿಯಲು ಒಪ್ಪಲಿಲ್ಲ. ಫೋನು ಇತ್ತು. ಫೋನಿನಲ್ಲಿ ತುಟಿ ಕಾಣಿಸುವುದಿಲ್ಲವಲ್ಲ! ಯುಗಾದಿಗೊಂದು ಕಾರ್ಡ್ ಬರೆಯುತ್ತಾಳೆ. ಅದರಲ್ಲಿ ಅವಳ ಮಕ್ಕಳಿರುತ್ತಾರೆ, ಅತ್ತೆಯ ಸಕ್ಕರೆ ಕಾಯಿಲೆ ಇರುತ್ತದೆ, ಹಿತ್ತಲಿನ ಗಿಡಗಳಿರುತ್ತವೆ. ಕಾಲೇಜು ಇರುವುದಿಲ್ಲ.

ಹಾಗಾಗಿ ಅವಳನ್ನು ಕಣ್ಣಾರೆ ನೋಡಿದ್ದು ಊಟಿ ಬಸ್ ಸ್ಟ್ಯಾಂಡಿನಲ್ಲೇ ಕೊನೆ. ಕರೆದೊಯ್ಯುತ್ತೇನೆ ಎಂದಿದ್ದ ಶಿವಣ್ಣ ಹೊಲದ ಕೆಲಸಕ್ಕೆಂದು ಮುಂಚೆಯೇ ಊರಿಗೆ ಹೋಗಿದ್ದರು. ಅವಳು ಪುಸ್ತಕಗಳನ್ನು ಕಟ್ಟಿಟ್ಟು, ಒಬ್ಬಳೇ ಹೊರಟಿದ್ದಳು. ಕಲ್ಹಟ್ಟಿ ಘಾಟ್ ಇಳಿದು ಮಸಿನಗುಡಿಗೆ ಹೋಗುವ ಪುಟ್ಟ ಬಸ್ಸು. ಒಳ್ಳೆಯ ಮಂಜು. ಅವಳು ಕಿಟಕಿಯ ಪಕ್ಕ ಕೂತಳು. ನಾನು ಕೆಳಗೆ ನಿಂತು ಬಿಸ್ಕತ್ತಿನ ಪೊಟ್ಟಣ ಒಳಗೆ ಕೊಟ್ಟೆ. ಕಂಡಕ್ಟರ್ ಬಂದ. ಅವನ ಮುಖಕ್ಕೂ ಮಫ್ಲರ್. ತಲೆ ತಗ್ಗಿಸಿ ಟಿಕೆಟ್ ಕಟ್ಟು ತಿರುವುತ್ತಾ ಏನೋ ಕೇಳಿದ.

ನಾನು ಹೊರಗಿನಿಂದಲೇ ಬಾಯಿ ತೆರೆದೆ. "ಕಂಡಕ್ಟರ್, ನೋಡಿ, ಈ ಹುಡುಗಿ ಸ್ವಲ್ಪ ಡೆಲಿ—"

ಸುಮತಿ ಅವನ ತೋಳು ಮುಟ್ಟಿದಳು. "ಅಣ್ಣಾ, ಎನಕ್ಕು ಕಾದು ಕೇಕ್ಕಾದು. ಎನ್ನೈ ಪಾತ್ತು ಸೊಲ್ಲುಂಗ."

ನನಗೆ ಕಿವಿ ಕೇಳಿಸದು, ನನ್ನ ಕಡೆ ನೋಡಿ ಹೇಳಿ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು. ಯಾರೂ ನಗಲಿಲ್ಲ. ಕಂಡಕ್ಟರ್ ತಲೆ ಎತ್ತಿದ. ಒಂದು ಬೆರಳಿನಿಂದ ಮಫ್ಲರನ್ನು ಗಲ್ಲದ ಕೆಳಗೆ ಎಳೆದುಕೊಂಡ. ಅವಳ ಮುಖ ನೋಡಿ, ಎಲ್ಲಿಗಮ್ಮ ಎಂದು ಮತ್ತೆ ಕೇಳಿದ. "ಮಾವನಲ್ಲ" ಎಂದಳು. ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ.

ಅಷ್ಟೇ. ಇಂಗ್ಲಿಷ್ ಬೇಕಾಗಲಿಲ್ಲ. ಉಣ್ಣೆ ಬೇಕಾಗಲಿಲ್ಲ. ದೊಡ್ಡಮ್ಮನಂತೂ ಬೇಕಾಗಲೇ ಇಲ್ಲ!

ಬಸ್ಸು ಹೊರಟಿತು. ಅವಳು ಮುಂದಿನ ರಸ್ತೆ ನೋಡುತ್ತಿದ್ದಳು. ಅಡುಗೆಮನೆಯಲ್ಲಿ ನುಂಗಿದ್ದ ಮಾತು ಆಗ ನನ್ನ ಬಾಯಿಗೆ ಬಂತು. "ಸುಮತೀ, ಮುಂದಿನ ವರ್ಷ ಬಾ, ನೀನೇ ಹೇಳು!" ಎಂದು ಬಸ್ಸಿನ ಹಿಂದೆ ಓಡುತ್ತಾ ಕೂಗಿದೆ. ಮೂಟೆ ಇಳಿಸುತ್ತಿದ್ದ ಕೂಲಿಗಳು ತಿರುಗಿ ನೋಡಿದರು. ಟೀ ಅಂಗಡಿಯವನು ಹೊರಗೆ ಬಂದ. ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿತು. ಅವಳು ತಿರುಗಲಿಲ್ಲ.

ಅಷ್ಟು ವರ್ಷ ಸಾಕಿದವಳು ನಾನು. ಬೆನ್ನಿಗೆ ಕೂಗಿದೆ!